ಕೋವಿ ಕೊಳ್ಳುವ ವಿಚಾರ

ಎಮ್ಮೆ ಕೊಳ್ಳುವಾಗ ಏನೇನು ನೋಡಬೇಕು ಎಂಬುದು ನಮ್ಮ ಕೊಳ್ಳೇಗಾಲದ ಸೀಮೆಯಲ್ಲಿ ಹತ್ತು ವರ್ಷದ ಹುಡುಗನಿಗೂ ಗೊತ್ತು. ಹಲ್ಲು ನೋಡಬೇಕು, ಸುಳಿ ನೋಡಬೇಕು, ಕೆಚ್ಚಲು ನೋಡಬೇಕು, ಕೊನೆಗೆ ಮಾರುವವನ ಮುಖವನ್ನೂ ಒಮ್ಮೆ ನೋಡಬೇಕು. ರೇಷ್ಮೆಗೂಡು ಕೊಳ್ಳುವವನು ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ; ಒಳಗಿನ ಹುಳುವಿನ ಸದ್ದಿನಿಂದಲೇ ನೂಲಿನ ಯೋಗ್ಯತೆಯನ್ನು ಹೇಳುತ್ತಾನೆ. ಇವೆಲ್ಲ ತಲೆತಲಾಂತರದಿಂದ ಬಂದ ವಿದ್ಯೆಗಳು. ಆದರೆ ಬಂದೂಕು ಕೊಳ್ಳುವಾಗ ಏನು ನೋಡಬೇಕು? ನಳಿಗೆಯನ್ನೇ, ಹಿಡಿಯನ್ನೇ, ಬೆಲೆಯನ್ನೇ? ನನ್ನನ್ನು ಕೇಳಿದರೆ, ಎಲ್ಲಕ್ಕೂ ಮೊದಲು ನೋಡಬೇಕಾದದ್ದು ಕಾನೂನಿನ ಪುಸ್ತಕವನ್ನು. ಎರಡನೆಯದಾಗಿ ನೋಡಬೇಕಾದದ್ದು ಮನೆಯವರ ಮುಖವನ್ನು. ಬಂದೂಕನ್ನು ನೋಡುವುದು ಮೂರನೆಯ ಕೆಲಸ.

ಈ ಮಾತನ್ನು ಹೇಳುವುದಕ್ಕೆ ಇವನಿಗೇನು ಅಧಿಕಾರ ಎಂದು ಓದುಗರು ಕೇಳಬಹುದು. ನಾನು ಬೇಟೆಗಾರನಲ್ಲ, ಸಿಪಾಯಿಯಲ್ಲ. ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಅದರಲ್ಲಿ ಹನ್ನೊಂದು ವರ್ಷ ಬಂದೂಕಿನ ಪರವಾನಗಿಯ ಕಡತಗಳು ನನ್ನ ಮೇಜಿನ ಮೇಲಿದ್ದವು. ಯಾರ ಮನೆಯಲ್ಲಿ ಒಂಟಿ ನಳಿಗೆ, ಯಾರ ಮನೆಯಲ್ಲಿ ಜೋಡು ನಳಿಗೆ, ಯಾರದು ಕೇಪಿನ ಕೋವಿ, ಯಾರು ನವೀಕರಣಕ್ಕೆ ಬಂದಿಲ್ಲ, ಯಾರ ತಂದೆ ಸತ್ತು ಕೋವಿ ಮಗನ ಹೆಸರಿಗೆ ಆಗಬೇಕು—ಎಲ್ಲವೂ ನನಗೆ ಬಾಯಿಪಾಠ. ಹನ್ನೊಂದು ವರ್ಷದಲ್ಲಿ ಒಂದು ಕೋವಿಯನ್ನೂ ಕೈಯಲ್ಲಿ ಹಿಡಿಯಲಿಲ್ಲ. ಆದರೂ ಊರವರು ನನ್ನನ್ನು ‘ಕೋವಿ ಗುಮಾಸ್ತರು’ ಎಂದೇ ಕರೆದರು. ಅಡುಗೆ ಮಾಡದವನಿಗೂ ಅಡುಗೆಭಟ್ಟ ಎಂಬ ಮನೆತನದ ಹೆಸರಿರುವುದುಂಟಷ್ಟೆ. ಹಾಗೆ ಇದೂ ಒಂದು.

ನನ್ನ ತಮ್ಮ ಹನೂರಿನ ಆಚೆಯ ಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ ಮಾಡಿಕೊಂಡಿದ್ದಾನೆ. ಅವನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಕೊಳ್ಳೇಗಾಲದಲ್ಲಿ ಪದವಿ ಓದುತ್ತಾಳೆ. ಸೇರಿದ ವರ್ಷವೇ ಎನ್.ಸಿ.ಸಿ.ಗೆ ಹೆಸರು ಕೊಟ್ಟಳು. ಇಸ್ತ್ರಿ ಮಾಡಿದ ಖಾಕಿ, ಬೆಳಗಿನ ಕವಾಯತು, ಆಮೇಲೆ ಕೊಡುವ ತಿಂಡಿ—ಇವಿಷ್ಟರ ಆಸೆಗೆ ಸೇರಿದ್ದಾಳೆ ಎಂದು ನಾನೂ ನನ್ನ ಹೆಂಡತಿಯೂ ತಿಳಿದೆವು. ಒಂದು ಶಿಬಿರದಲ್ಲಿ ಅವಳ ಕೈಗೆ .೨೨ ಬೋರಿನ ರೈಫಲ್ ಕೊಟ್ಟು, ನೆಲದ ಮೇಲೆ ಬೋರಲಾಗಿ ಮಲಗಿಸಿ, ಐದು ಗುಂಡು ಹೊಡೆಯ ಹೇಳಿದರಂತೆ. ಐದೂ ತೂತನ್ನು ಒಂದು ರೂಪಾಯಿಯ ಹಳೆಯ ದೊಡ್ಡ ನಾಣ್ಯದಿಂದ ಮುಚ್ಚಬಹುದಾಗಿತ್ತಂತೆ. ಶಿಬಿರದ ಹವಾಲ್ದಾರರು ಆ ಕಾಗದವನ್ನು ಬಿಚ್ಚಿ ಅವಳ ಕೈಗೇ ಕೊಟ್ಟು, “ಇದನ್ನು ಜೋಪಾನವಾಗಿ ಇಟ್ಟುಕೊ, ಸ್ಪರ್ಧೆಗೆ ಹೋಗು” ಎಂದರಂತೆ. ಅವಳು ಮನೆಗೆ ಬಂದಾಗ ಮಂತ್ರೋಪದೇಶ ಪಡೆದವಳ ಹಾಗಿದ್ದಳು. ಅದು ೨೦೨೪ನೆಯ ಇಸವಿ. ಆ ಆಗಸ್ಟಿನಲ್ಲೇ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಎಂಬ ರೈಲ್ವೆ ನೌಕರ ಪ್ಯಾರಿಸ್ಸಿನ ಒಲಿಂಪಿಕ್ಸಿನಲ್ಲಿ ಐವತ್ತು ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದ. ಬೆಂಕಿಗೆ ತುಪ್ಪ ಬಿದ್ದಹಾಗಾಯಿತು.

“ದೊಡ್ಡಪ್ಪ, ನನಗೆ ಒಂದು ರೈಫಲ್ ಬೇಕು” ಎಂದಳು, ಒಂದು ದಿನ ಊಟದ ಹೊತ್ತಿನಲ್ಲಿ. ಸೀರೆ ಬೇಕು, ಬೈಸಿಕಲ್ ಬೇಕು ಎನ್ನುವ ಧಾಟಿಯಲ್ಲೇ ಹೇಳಿದಳು. ನನ್ನ ಹೆಂಡತಿ ಸಾರಿನ ಸೌಟನ್ನು ಹಾಗೆಯೇ ಹಿಡಿದು ನಿಂತಳು.

ಈ ಸುದ್ದಿ ಹೇಗೋ ಸಮುದ್ರವನ್ನು ದಾಟಿತು. ಯಳಂದೂರಿನಲ್ಲಿ ಕೊಟ್ಟಿರುವ ನನ್ನ ತಂಗಿಯ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿಗೆ ಹೋದವರಿಗೆ ಇಲ್ಲಿಯ ಸಮಸ್ಯೆಗಳೆಲ್ಲ ಬಹಳ ಸುಲಭವಾಗಿ ಕಾಣುತ್ತವೆ. ಫೋನಿನಲ್ಲಿ ಅವನೆಂದ: “ಮಾವ, ಅದಕ್ಕೇಕೆ ಅಷ್ಟು ಯೋಚನೆ? ಇಲ್ಲಿ ರೂಗರ್ ೧೦/೨೨ ಎಂಬ ರೈಫಲ್ ಇದೆ. ಅರೆ ಸ್ವಯಂಚಾಲಿತ. ಬೆಲೆ ಮುನ್ನೂರು ನಾನೂರು ಡಾಲರ್ ಅಷ್ಟೆ. ಹದಿನೆಂಟು ತುಂಬಿದವನು ಅಂಗಡಿಗೆ ಹೋಗಿ ಒಂದು ಅರ್ಜಿ ಬರೆದುಕೊಟ್ಟು, ಅವರು ವಿಚಾರಣೆ ಮುಗಿಸಿದರೆ, ಅದೇ ದಿನ ಮನೆಗೆ ತರಬಹುದು. ಅಂಥದ್ದೊಂದನ್ನು ಅಲ್ಲಿ ಹುಡುಕಿ.” ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ೧೯೬೪ರಿಂದ ತಯಾರಾಗುತ್ತಿರುವ ಈ ರೈಫಲ್ಲಿನಲ್ಲಿ ಹತ್ತು ತೋಟೆಗಳನ್ನು ಒಂದು ಪುಟ್ಟ ಡಬ್ಬಿಯಲ್ಲಿ ತುಂಬುತ್ತಾರೆ. ಕುದುರೆಯನ್ನು ಎಳೆದರೆ ಒಂದು ಗುಂಡು ಹೋಗುತ್ತದೆ. ಸಿಡಿದ ತೋಟೆಯ ಹಿನ್ನೂಕಿನಿಂದಲೇ ಖಾಲಿ ಕೊಳವೆ ಹೊರಬಿದ್ದು ಹೊಸ ತೋಟೆ ನಳಿಗೆಗೆ ಬಂದು ಕೂರುತ್ತದೆ. ಮತ್ತೆ ಎಳೆದರೆ ಮತ್ತೊಂದು. ಎಳೆಯದಿದ್ದರೆ ಇಲ್ಲ. ಅರೆ ಸ್ವಯಂಚಾಲಿತ ಎಂದರೆ ಇಷ್ಟೆ. ನನಗೆ ಇದು ತಕ್ಷಣ ಅರ್ಥವಾಯಿತು. ನಮ್ಮ ಕಚೇರಿಯ ಕಡತಗಳೂ ಅರೆ ಸ್ವಯಂಚಾಲಿತವೇ. ಪ್ರತಿಯೊಂದು ಸಲವೂ ಯಾರಾದರೂ ಒತ್ತಬೇಕು, ಒತ್ತಿದಾಗ ಒಂದು ಮೇಜು ಮುಂದೆ ಹೋಗುತ್ತದೆ.

ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಕಾನೂನು ಹೇಳಿದೆ. ನಮ್ಮ ಆಯುಧ ಅಧಿನಿಯಮ ೧೯೫೯ರದು. ಜಾರಿಗೆ ಬಂದದ್ದು ೧೯೬೨ರ ಅಕ್ಟೋಬರ್ ಒಂದರಿಂದ. ಈಗ ನಡೆಯುತ್ತಿರುವ ನಿಯಮಗಳು ೨೦೧೬ರವು. ಕುದುರೆ ಎಳೆದು ಹಿಡಿದಷ್ಟು ಹೊತ್ತೂ ಹಾರುತ್ತಲೇ ಇರುವ ಸ್ವಯಂಚಾಲಿತ ಬಂದೂಕು ನಿಷೇಧಿತ ಆಯುಧ. ಅದು ಸೈನ್ಯದವರಿಗೆ, ಪೊಲೀಸರಿಗೆ. ಅರೆ ಸ್ವಯಂಚಾಲಿತ ರೈಫಲ್ ನಿರ್ಬಂಧಿತ ಎಂಬ ಬೇರೆ ಸಾಲಿನಲ್ಲಿದೆ. ನಮ್ಮಂಥವರು ಸಾಮಾನ್ಯವಾಗಿ ಅರ್ಜಿ ಹಾಕುವುದು ಇನ್ನೊಂದು ಸಾಲಿಗೆ: ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ರೈಫಲ್ಲು, ಒಂಟಿ ನಳಿಗೆ, ಜೋಡು ನಳಿಗೆ ಮುಂತಾದವು. ಅದಕ್ಕೂ ಅರ್ಜಿಯ ನಮೂನೆ, ಪೊಲೀಸರ ವರದಿ, ವೈದ್ಯರ ಪತ್ರ, ಕೋವಿಯನ್ನು ಸುರಕ್ಷಿತವಾಗಿ ಹಿಡಿಯಲು ಬರುತ್ತದೆ ಎಂಬ ತರಬೇತಿಯ ಪತ್ರ ಬೇಕು. ೨೦೧೯ರ ತಿದ್ದುಪಡಿಯಿಂದ ಒಬ್ಬನಿಗೆ ಮೂರರ ಬದಲು ಎರಡೇ ಕೋವಿ. ಪರವಾನಗಿಯ ಅವಧಿ ಮಾತ್ರ ಮೂರರಿಂದ ಐದು ವರ್ಷಕ್ಕೆ ಏರಿತು. ಹೆಸರು ಮಾಡಿದ ಕ್ರೀಡಾಪಟುಗಳಿಗೆ ಈ ಎಣಿಕೆಯಲ್ಲಿ ವಿನಾಯಿತಿ ಉಂಟು. ಎಲ್ಲಕ್ಕೂ ಮೇಲಾಗಿ, ಪರವಾನಗಿ ಪಡೆಯುವವರಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕು. ಇವಳಿಗೆ ಹತ್ತೊಂಬತ್ತು.

ಹುಡುಗಿ ಸೋಲಲಿಲ್ಲ. ಅವಳೂ ಒಂದು ಪುಸ್ತಕ ಓದಿಕೊಂಡೇ ಬಂದಿದ್ದಳು. ಅದು ಆಟದ ನಿಯಮದ ಪುಸ್ತಕ. “ದೊಡ್ಡಪ್ಪ, ಕಾನೂನು ಬೇಡ ಅನ್ನೋದಿರಲಿ, ಆಟಕ್ಕೇ ಅದು ಬೇಡ” ಎಂದಳು. ಒಲಿಂಪಿಕ್ಸಿನ ರೈಫಲ್ ಸ್ಪರ್ಧೆಗಳಲ್ಲಿ ಪ್ರತಿಯೊಂದು ಗುಂಡನ್ನೂ ಕೈಯಿಂದಲೇ ತುಂಬಬೇಕು. ಡಬ್ಬಿಯಲ್ಲಿ ಹತ್ತು ತುಂಬಿಟ್ಟುಕೊಂಡು ಹೊಡೆಯುವ ಹಾಗಿಲ್ಲ. ಅರೆ ಸ್ವಯಂಚಾಲಿತಕ್ಕೆ ಕೆಲಸವಿರುವುದು ಇಪ್ಪತ್ತೈದು ಮೀಟರಿನ ಪಿಸ್ತೂಲಿನಲ್ಲಿ. ಅಲ್ಲಿ ಎಂಟು ಸೆಕೆಂಡಿನಲ್ಲಿ ಐದು, ಆರು ಸೆಕೆಂಡಿನಲ್ಲಿ ಐದು, ನಾಲ್ಕು ಸೆಕೆಂಡಿನಲ್ಲಿ ಐದು ಗುಂಡು ಹೊಡೆಯುವ ಸ್ಪರ್ಧೆಯೇ ಉಂಟು. ಇವಳದು ರೈಫಲ್, ಅಲ್ಲಿ ಅವಸರದವನಿಗೆ ಬಹುಮಾನವಿಲ್ಲ. ಟೆಕ್ಸಾಸಿನ ಅಳಿಯ ಸೂಚಿಸಿದ ವಸ್ತು ನಮ್ಮಲ್ಲಿ ಸುಲಭವಾಗಿ ಸಿಕ್ಕುವುದೂ ಇಲ್ಲ, ಸಿಕ್ಕಿದರೆ ಅವಳ ಆಟಕ್ಕೆ ಒದಗುವುದೂ ಇಲ್ಲ.

ಹೊರದೇಶಗಳಲ್ಲಿಯೂ ಎಲ್ಲ ಕಡೆ ಟೆಕ್ಸಾಸಿನ ಧರ್ಮವಿಲ್ಲ. ಇಂಗ್ಲೆಂಡಿನಲ್ಲಿ ೧೯೮೭ರಲ್ಲಿ ಹಂಗರ್‌ಫರ್ಡ್ ಎಂಬ ಊರಿನಲ್ಲಿ ಒಬ್ಬನು ಹದಿನಾರು ಜನರನ್ನು ಕೊಂದ ಮೇಲೆ, .೨೨ರ ಸಣ್ಣ ತೋಟೆಯದೊಂದನ್ನು ಬಿಟ್ಟು ಮಿಕ್ಕ ಅರೆ ಸ್ವಯಂಚಾಲಿತ ರೈಫಲ್ಲುಗಳನ್ನು ನಿಲ್ಲಿಸಿದರು. ಆಸ್ಟ್ರೇಲಿಯದವರು ೧೯೯೬ರಲ್ಲಿ ಪೋರ್ಟ್ ಆರ್ಥರಿನ ಕೊಲೆಗಳ ಮೇಲೆ ಜನರಿಂದ ದುಡ್ಡು ಕೊಟ್ಟು ಹಿಂದಕ್ಕೆ ಕೊಂಡರು. ನ್ಯೂಜಿಲೆಂಡಿನವರು ೨೦೧೯ರಲ್ಲಿ ಕ್ರೈಸ್ಟ್‌ಚರ್ಚಿನ ಮಸೀದಿಗಳ ಘಟನೆಯಾದ ಕೆಲವೇ ವಾರಗಳಲ್ಲಿ ಕಾನೂನು ಮಾಡಿದರು. ನಮ್ಮ ಅಳಿಯನೂ ಮುಂದೊಂದು ದಿನ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ: “ಮಾವ, ನನ್ನ ಮಗಳ ಸ್ಕೂಲಿನಲ್ಲಿ ಆಗಾಗ ಬಾಗಿಲು ಹಾಕಿ, ದೀಪ ಆರಿಸಿ, ಮಕ್ಕಳನ್ನು ಮೂಲೆಯಲ್ಲಿ ಸದ್ದಿಲ್ಲದೆ ಕೂರಿಸುವ ಅಭ್ಯಾಸ ಮಾಡಿಸುತ್ತಾರೆ. ಯಾತಕ್ಕೆ ಅಂತ ಅವಳು ಕೇಳಿದಳು.” ಮುನ್ನೂರು ಡಾಲರಿನ ಲೆಕ್ಕದಲ್ಲಿ ಇದು ಸೇರಿರಲಿಲ್ಲ.

ಕಾನೂನಿನ ಪುಸ್ತಕವೂ ಆಟದ ಪುಸ್ತಕವೂ ಒಂದೇ ಮಾತು ಹೇಳಿದುವಲ್ಲ, ಇನ್ನೇನು, ವಿಷಯ ಮುಗಿಯಿತು ಎಂದು ಓದುಗರು ತಿಳಿಯಬಾರದು. ಮನೆಯವರ ಮುಖ ನೋಡುವುದು ಇನ್ನೂ ಬಾಕಿಯಿತ್ತು. ಅದಕ್ಕೆ ನಮ್ಮ ಸೀಮೆಯ ಕಥೆಯನ್ನು ಸ್ವಲ್ಪ ಹೇಳಬೇಕು.

ಕೊಳ್ಳೇಗಾಲ ೧೯೫೬ರ ನವೆಂಬರ್ ಒಂದರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸೀಮೆ. ಬಂಡಿಯಲ್ಲಿ ಅರ್ಧ ದಿನದ ಹಾದಿ, ಆದರೆ ಕೋವಿಯ ಕಾಗದಕ್ಕೆ ಈಚೆಯವನು ಒಬ್ಬ ದೊರೆಯ ಕಡೆಗೆ, ಆಚೆಯವನು ಇನ್ನೊಬ್ಬ ದೊರೆಯ ಕಡೆಗೆ ಮುಖ ಮಾಡಬೇಕು. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿಯಲ್ಲಿ ಕಾಫಿ ಬೆಳೆಯುತ್ತಿದ್ದ ಮಾರಿಸ್ ದೊರೆಗಳು ಹೆಸರಾದ ಬೇಟೆಗಾರರು. ಆಮೇಲೆ ಕಾಡುಮೃಗಗಳನ್ನು ಉಳಿಸಬೇಕೆಂದು ಬರೆದವರೂ ಅವರೇ. ಬೆಂಗಳೂರಿನ ಕೆನೆತ್ ಆಂಡರ್ಸನ್ ನಮ್ಮ ಕಾಡುಗಳಲ್ಲಿ ಅಲೆದು ಹುಲಿ ಚಿರತೆಗಳ ಕಥೆಗಳನ್ನು ಬರೆದರು. ಬೇಟೆಯ ಆ ಕಾಲ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಮುಗಿಯಿತು. ರೈತನ ಮನೆಯಲ್ಲಿ ಮಾತ್ರ ಬೆಳೆ ಕಾಯುವ ಕೋವಿ ಉಳಿಯಿತು. ನಮ್ಮ ತಂದೆಯದೂ ಅಂಥದೊಂದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವುದರೊಳಗಾಗಿ ಹಂದಿ ಹೊಲವನ್ನು ಮೇದು, ನೀರು ಕುಡಿದು, ಮನೆಗೆ ಹೋಗಿರುತ್ತಿತ್ತು. ಅದರ ಪ್ರಯೋಜನವೆಲ್ಲ ಸದ್ದಿನಲ್ಲಿ. ಅಟ್ಟಣೆಯ ಮೇಲೆ ಕೂತು ತಂದೆ ಒಂದು ಸಲ ಹಾರಿಸಿದರೆ ಮೂರು ಹೊಲದ ರಾಗಿ ಆ ರಾತ್ರಿ ಉಳಿಯುತ್ತಿತ್ತು.

ಕೊಡಗಿನಲ್ಲಿ ಈ ಕಥೆ ಬೇರೆ. ಕೊಡವರಿಗೂ ಜಮ್ಮಾ ಭೂಮಿಯವರಿಗೂ ಬ್ರಿಟಿಷರ ಕಾಲದಿಂದ ಕೋವಿಗೆ ಪರವಾನಗಿಯ ವಿನಾಯಿತಿ ಉಂಟು. ೨೦೨೧ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಈಗಿನ ಆದೇಶ ೨೦೨೯ರವರೆಗೆ ಇದೆ. ಅವರು ಕೈಲ್‌ಪೊಳ್ದಿನಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಟ್ಟು ನಗುನಗುತ್ತ ಹಬ್ಬ ಮಾಡುತ್ತಾರೆ. ಅಲ್ಲಿ ಕೋವಿ ಮನೆಯ ಮಗ. ನಮ್ಮಲ್ಲಿ ಅದು ಮನೆಯವರು ಹೆಸರೆತ್ತದ ನೆಂಟ.

ಹಾಗಾದದ್ದು ವೀರಪ್ಪನ್ನನ ವರ್ಷಗಳಲ್ಲಿ. ಅವನ ಊರು ಗೋಪಿನಾಥಂ ಈಗ ನಮ್ಮ ಹನೂರು ತಾಲ್ಲೂಕಿನಲ್ಲೇ ಇದೆ. ೧೯೯೧ರ ನವೆಂಬರಿನಲ್ಲಿ, ಆ ಊರಿನವರಿಗೆ ದೇವರಂತಿದ್ದ ಅರಣ್ಯಾಧಿಕಾರಿ ಶ್ರೀನಿವಾಸ್ ಅವರನ್ನು ಮೋಸದಿಂದ ಕರೆಸಿ ಕೊಂದರು. ೧೯೯೨ರ ಮೇ ತಿಂಗಳಲ್ಲಿ ರಾಮಾಪುರದ ಪೊಲೀಸ್ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದು ಬಂದೂಕುಗಳನ್ನು ಹೊತ್ತುಕೊಂಡು ಹೋದರು. ಅದೇ ಆಗಸ್ಟ್ ಹದಿನಾಲ್ಕರಂದು ಮೀಣ್ಯದ ಹತ್ತಿರ ಎಸ್.ಪಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಷಕೀಲ್ ಅಹಮದ್ ಮತ್ತು ಅವರ ಜೊತೆಯವರು ಸತ್ತರು. ೧೯೯೩ರ ಏಪ್ರಿಲಿನಲ್ಲಿ ಪಾಲಾರಿನ ದಾರಿಯಲ್ಲಿ ನೆಲಬಾಂಬು ಸಿಡಿದು ಇಪ್ಪತ್ತೆರಡು ಜನ ಹೋದರು. ೨೦೦೨ರಲ್ಲಿ ಮಾಜಿ ಸಚಿವ ನಾಗಪ್ಪನವರನ್ನು ಕಾಮಗೆರೆಯ ಮನೆಯಿಂದಲೇ ಎತ್ತಿಕೊಂಡು ಹೋದರು. ಡಿಸೆಂಬರಿನಲ್ಲಿ ಹೆಣ ಸಿಕ್ಕಿತು. ೨೦೦೪ರ ಅಕ್ಟೋಬರ್ ಹದಿನೆಂಟರವರೆಗೂ, ಅಂದರೆ ಅವನು ಧರ್ಮಪುರಿಯ ಕಡೆ ಸಾಯುವವರೆಗೂ, ನಮ್ಮ ಹಳ್ಳಿಗಳಲ್ಲಿ ಪಟಾಕಿಯ ಸದ್ದಿಗೂ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆ ಕಾಲದಲ್ಲಿ ಕಾಡಿನಂಚಿನವರು ಎರಡು ಕಡೆಯ ಕೋವಿಗಳ ನಡುವೆ ಬದುಕಿದರು. ಮನೆಯಲ್ಲಿ ಪರವಾನಗಿಯ ಕೋವಿ ಇದ್ದವನಿಗೆ, ‘ಮದ್ದು ಯಾರಿಗೆ ಕೊಟ್ಟೆ’ ಎಂಬ ಪ್ರಶ್ನೆ ಯಾವ ರಾತ್ರಿಯಾದರೂ ಬರಬಹುದಾಗಿತ್ತು. ೧೯೯೩ರ ಒಂದು ರಾತ್ರಿ ಆ ಪ್ರಶ್ನೆ ನಮ್ಮ ಮನೆಗೂ ಬಂತು. ತಂದೆಯ ಕೋವಿ ಅಷ್ಟು ಹೊತ್ತಿಗಾಗಲೇ ಠಾಣೆಗೆ ಜಮಾ ಆಗಿತ್ತು. ಜಮಾ ಮಾಡಿದ್ದಕ್ಕೆ ರಸೀತಿ ಇರಲಿಲ್ಲ. ಇಪ್ಪತ್ತಾರು ವರ್ಷದ ನನ್ನ ತಮ್ಮನನ್ನು ವಿಚಾರಣೆಗೆಂದು ಕರೆದುಕೊಂಡು ಹೋದರು. ಯಾರು, ಎಲ್ಲಿಗೆ ಎಂಬುದು ಇಲ್ಲಿ ಬೇಡ. ಮೂರನೆಯ ದಿನ ಬಂದ. ಅಲ್ಲಿ ಏನಾಯಿತೆಂದು ನಾವು ಕೇಳಲಿಲ್ಲ, ಅವನು ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ತಂದೆ ಆ ಕೋವಿಯನ್ನು ಹಿಂದಕ್ಕೆ ಕೇಳಲೇ ಇಲ್ಲ. ರಾಗಿ ಹೊಲವನ್ನು ಹಿಪ್ಪುನೇರಳೆಗೆ ತಿರುಗಿಸಿದರು.

ಈಗ ಆ ತಮ್ಮನ ಮಗಳಿಗೆ ರೈಫಲ್ ಬೇಕು.

ಹೇಳುವ ಕೆಲಸ ನನಗೇ ಬಿತ್ತು. ಹುಳುಮನೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದವನ ಎದುರಿಗೆ ಕೂತು, ಎನ್.ಸಿ.ಸಿ., ಸ್ಪರ್ಧೆ, ಒಲಿಂಪಿಕ್ಸ್ ಎಂದೆಲ್ಲ ಸುತ್ತಿ ಬಳಸಿ ಹೇಳಿದೆ. ಅವನು ಕುಡುಗೋಲನ್ನು ಕೆಳಗಿಟ್ಟ.

“ಬ್ಯಾಡ ಕನಣ್ಣ” ಎಂದ. “ಆ ಸಾಮಾನು ನಮ್ಮ ಮನಗ ಇನ್ನು ಬ್ಯಾಡ.”

“ಕಾಲ ಬದಲಾಗಿದೆಯಪ್ಪ” ಎಂದೆ.

“ಕಾಲ ಬದಲಾಗದ. ಕಾಗ್ಜ ಬದಲಾಗಿಲ್ಲ. ನಿನಗ ಗೊತ್ತಿಲ್ವಾ? ನೀನೇ ಬರೀತಿದ್ದೆ.”

ಉತ್ತರ ಹೇಳುವುದಕ್ಕೆ ನನಗೆ ಹೊಳೆಯಲಿಲ್ಲ. ಹುಡುಗಿ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಪ್ಪನ ಆ ಮೂರು ದಿನದ ಸಂಗತಿ ಅವಳಿಗೆ ಅಂದೇ ಮೊದಲು ತಿಳಿದದ್ದು. ಕೊಳ್ಳೇಗಾಲಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದಳು. ಕಾಮಗೆರೆ ದಾಟಿದ ಮೇಲೆ, “ದೊಡ್ಡಪ್ಪ, ಲೈಸೆನ್ಸೇ ಬೇಡದ್ದು ಯಾವುದೂ ಇಲ್ಲವಾ?” ಎಂದು ಕೇಳಿದಳು.

ಉಂಟು. ಆದರೆ ಅದಕ್ಕೆ ಬರುವ ಮೊದಲು ಮಿಕ್ಕ ದಾರಿಗಳನ್ನೆಲ್ಲ ತೂಗಿ ನೋಡಿದೆವು; ಗುಮಾಸ್ತನಾಗಿದ್ದವನಿಗೆ ಇದು ಬಿಡದ ಚಟ. ಮೈಸೂರಿನ ಬಂದೂಕಿನ ವ್ಯಾಪಾರಿಯೊಬ್ಬರ ಬಳಿ ಹಳೆಯ ಬ್ರನೋ ರೈಫಲ್ ಇತ್ತು, ಜೆಕೊಸ್ಲೊವಾಕಿಯದಲ್ಲಿ ಮಾಡಿದ.೨೨, ಎಣ್ಣೆ ಹಚ್ಚಿ ಮಗುವಿನ ಹಾಗೆ ಇಟ್ಟಿದ್ದರು. ೧೯೮೦ರ ದಶಕದ ನಡುವಿನಲ್ಲಿ ಖಾಸಗಿ ಆಮದು ನಿಂತುಹೋದದ್ದರಿಂದ ಇಂಥ ಹಳೆಯ ಕೋವಿಗಳು ವಯಸ್ಸಾದಷ್ಟೂ ಬೆಲೆ ಏರಿಸಿಕೊಳ್ಳುತ್ತವೆ. ಮನುಷ್ಯರಿಗೆ ಈ ಭಾಗ್ಯವಿಲ್ಲ. ಬೆಲೆ ಕೇಳಿ ನಮಸ್ಕಾರ ಹೇಳಿ ಬಂದೆವು. ನಮ್ಮ ಸರ್ಕಾರದ ಕಾರ್ಖಾನೆಗಳಲ್ಲಿ ಮಾಡುವ .೨೨ ಅಷ್ಟು ದುಬಾರಿಯಲ್ಲ. ಆದರೆ ಪರವಾನಗಿ ಬೇಕು, ಇಪ್ಪತ್ತೊಂದು ತುಂಬಬೇಕು. ೧೯೫೧ರಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಮೂಲಕ ಹೊರದೇಶದಿಂದ ರೈಫಲ್ ತರಿಸಬಹುದು. ಅದಕ್ಕೆ ಮೊದಲು ಸ್ಪರ್ಧೆಗಳಲ್ಲಿ ನಿಗದಿಯಾದ ಅಂಕ ಗಳಿಸಿರಬೇಕು. ಅಂಕಕ್ಕೆ ರೈಫಲ್ ಬೇಕು, ರೈಫಲ್ಲಿಗೆ ಅಂಕ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಕ್ಲಬ್ಬಿನ ರೈಫಲ್ಲಿನಲ್ಲಿ ಕಲಿಯೋಣವೆಂದರೆ ವಾರಕ್ಕೆ ನಾಲ್ಕು ದಿನ ಮೈಸೂರಿಗೆ ಹೋಗಿಬರಬೇಕು, ಕಾಲೇಜು ಬಿಡಬೇಕು.

ಉಳಿದದ್ದು ಗಾಳಿಯ ಕೋವಿ. ೨೦೧೬ರ ನಿಯಮಗಳ ಪ್ರಕಾರ, ನಳಿಗೆಯ ಅಗಲ ನಾಲ್ಕೂವರೆ ಮಿಲಿಮೀಟರನ್ನೂ ಗುಂಡಿನ ಶಕ್ತಿ ಇಪ್ಪತ್ತು ಜೂಲನ್ನೂ ಮೀರದ ಏರ್ ರೈಫಲ್ಲಿಗೆ ಪರವಾನಗಿ ಬೇಡ. ಇದನ್ನು ಕೇಳಿ ಹುಡುಗಿಯ ಮುಖ ಮೊದಲು ಬಾಡಿತು. ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವ ಕೋವಿ ಎಂದುಕೊಂಡಳು. ಹಾಗಲ್ಲವೆಂದು ಅವಳ ಪುಸ್ತಕವೇ ಅವಳಿಗೆ ಹೇಳಿತು. ೨೦೦೮ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ನಮ್ಮ ದೇಶಕ್ಕೆ ಮೊದಲ ಒಂಟಿ ಚಿನ್ನ ತಂದದ್ದು ಇದೇ ಆಟದಲ್ಲಿ. ಗುರಿ ಹತ್ತು ಮೀಟರ್ ದೂರ. ಕಾಗದದ ಮೇಲಿನ ಕಪ್ಪು ವೃತ್ತವೆಲ್ಲ ಸೇರಿ ಮೂರು ಸೆಂಟಿಮೀಟರ್ ಚಿಲ್ಲರೆ. ಅದರ ನಡುವೆ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಸಾಸಿವೆ ಕಾಳನ್ನು ನಾಲ್ಕು ಭಾಗ ಮಾಡಿದರೆ ಒಂದು ಭಾಗ. ಅರವತ್ತು ಗುಂಡಿಗೆ ಒಂದೂಕಾಲು ಗಂಟೆ. ಒಂದೊಂದನ್ನೂ ಬೆರಳಿನಿಂದ ತುಂಬಬೇಕು. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಎದೆಯ ಬಡಿತದ ನಡುವೆ ಬಿಡುವು ನೋಡಿ ಕುದುರೆ ಎಳೆಯಬೇಕು. ಇದು ಬಲೂನಿನ ಕೆಲಸವಲ್ಲ, ಅಕ್ಕಸಾಲಿಯ ಕೆಲಸ.

ಬೆಂಗಳೂರಿನ ಅಂಗಡಿಗೆ ಹೋದೆವು. ಜರ್ಮನಿಯ ಸ್ಪರ್ಧಾ ರೈಫಲ್ಲುಗಳು ಗಾಜಿನ ಹಿಂದೆ ಇದ್ದವು. ಬೆಲೆ ಎರಡು ಮೂರು ಲಕ್ಷ. ನನ್ನ ಚೀಲದಲ್ಲಿದ್ದದ್ದು ಹದಿನೈದು ಸಾವಿರ, ನಿವೃತ್ತಿವೇತನದಿಂದ ತೆಗೆದಿಟ್ಟದ್ದು. ದುಡ್ಡಿದ್ದವರು ಸಣ್ಣ ರಂಧ್ರದಿಂದ ನೋಡಿ ಗುರಿಯಿಡುವ ರೈಫಲ್ ಕೊಳ್ಳುತ್ತಾರೆ. ಇಲ್ಲದವರಿಗೆ ತೆರೆದ ಗುರಿಯದು. ಹಿಂದೆ ಒಂದು ಕಚ್ಚು, ಮುಂದೆ ಒಂದು ಮೊಳೆ, ಎರಡನ್ನೂ ಕಣ್ಣಿನಿಂದ ಹೊಂದಿಸಬೇಕು. ನಮ್ಮ ದೇಶದ ಸ್ಪರ್ಧೆಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ಉಂಟು. ಅಂಗಡಿಯವನು ನಮ್ಮ ದೇಶದಲ್ಲೇ ತಯಾರಾದ ನಾಲ್ಕು ತೆಗೆದಿಟ್ಟ.

ಆಗ ಹುಡುಗಿ ಮಾಡಿದ ಕೆಲಸವನ್ನು ನಾನು ಮರೆಯುವುದಿಲ್ಲ. ಬಣ್ಣ ನೋಡಲಿಲ್ಲ, ಎಷ್ಟು ವೇಗ ಎಂದು ಕೇಳಲಿಲ್ಲ. ಒಂದೊಂದನ್ನೂ ಭುಜಕ್ಕಾನಿಸಿ ಗೋಡೆಯ ಮೇಲಿನ ಒಂದು ಮೊಳೆಗೆ ಗುರಿಯಿಟ್ಟು, ಕಣ್ಣು ಮುಚ್ಚಿಕೊಂಡು ನಿಂತಳು. ನಿಧಾನವಾಗಿ ಹತ್ತು ಸಲ ಉಸಿರಾಡಿ ಕಣ್ಣು ತೆರೆದು ನೋಡಿದಳು. ಮೊದಲನೆಯದು ಎಡಕ್ಕೆ ಸರಿದಿತ್ತು. ಎರಡನೆಯದು ಕೆಳಗೆ ಬಿದ್ದಿತ್ತು. ಅಂಗಡಿಯವನು ನಕ್ಕ. ಮೂರನೆಯದು ಕಣ್ಣು ತೆರೆದಾಗಲೂ ಮೊಳೆಯ ಮೇಲೆಯೇ ಇತ್ತು. “ಇದು” ಎಂದಳು. ಅಂಗಡಿಯವನು ನಗು ನಿಲ್ಲಿಸಿ, “ಯಾರಮ್ಮ ಹೇಳಿಕೊಟ್ಟದ್ದು?” ಎಂದ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುವ ಮನೆತನದವಳು ಎಂದು ನಾನು ಮನಸ್ಸಿನಲ್ಲೇ ಉತ್ತರ ಹೇಳಿದೆ. ಗುರುತಿನ ಚೀಟಿ ನೋಡಿ ಹೆಸರು ವಿಳಾಸ ಬರೆದುಕೊಂಡು, ರಸೀತಿ ಹರಿದು ಕೊಟ್ಟ. ಒಂದು ಡಬ್ಬಿ ಸೀಸದ ಗುಂಡೂ ಗುರಿಯ ಕಾಗದಗಳೂ ಸೇರಿ ನನ್ನ ಚೀಲದಲ್ಲಿ ಬಸ್ಸಿನ ದುಡ್ಡು ಉಳಿಯಿತು.

ತಮ್ಮನಿಗೆ ಹೇಳದೆ ಅಭ್ಯಾಸ ಮಾಡಬಾರದೆಂದು ಅವಳೇ ಅಂದಳು. ಪೆಟ್ಟಿಗೆಯನ್ನು ಹಳ್ಳಿಗೆ ತೆಗೆದುಕೊಂಡು ಹೋಗಿ ಅಪ್ಪನ ಮುಂದೆ ಬಿಚ್ಚದೆ ಇಟ್ಟಳು. ರಸೀತಿಯನ್ನೂ ನಿಯಮದ ಹಾಳೆಯನ್ನೂ ಅದರ ಮೇಲಿಟ್ಟಳು. ಅವನು ಎರಡನ್ನೂ ಓದಿದ. ನಿಯಮವನ್ನು ಎರಡು ಸಲ ಓದಿದ.

“ಮದ್ದು ಬ್ಯಾಡವಾ?”

“ಬೇಡ ಅಪ್ಪ. ಗಾಳಿ.”

“ಗಾಳಿಗ ಲೈಸನ್ಸು ಇಲ್ಲ” ಎಂದು ತನಗೆ ತಾನೇ ಹೇಳಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, “ಅಣ್ಣ, ಠಾಣೆಗ ಒಂದು ಕಾಗ್ಜ ಬರಕೊಡು. ಇಂಥದ್ದು ತಂದಿದೀವಿ ಅಂತ. ನಕಲಿನ ಮ್ಯಾಲ ಮೊಹರು ಬೇಕು” ಎಂದ.

ಕಾನೂನಿನಲ್ಲಿ ಅಂಥ ಕಾಗದಕ್ಕೆ ಜಾಗವಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ಸಾವಿರಾರು ಅರ್ಜಿಗಳನ್ನು ನೋಡಿದ್ದೇನೆ. ಅನುಮತಿ ಬೇಡದ ವಸ್ತುವಿಗೆ ಅನುಮತಿ ಕೇಳದೆ, ಸುಮ್ಮನೆ ‘ನಮ್ಮ ಬಳಿ ಇದೆ’ ಎಂದು ತಿಳಿಸುವ ಅರ್ಜಿಯನ್ನು ನೋಡಿರಲಿಲ್ಲ. ಆದರೂ ಬರೆದೆ. ಬಹುಶಃ ನನ್ನ ಗುಮಾಸ್ತಿಕೆಯಲ್ಲಿ ಅಷ್ಟು ಜಾಗರೂಕತೆಯಿಂದ ಬರೆದ ಕಾಗದ ಇನ್ನೊಂದಿಲ್ಲ. ಠಾಣೆಗೆ ತಮ್ಮನೇ ಬಂದ, ಒಗೆದ ಅಂಗಿ ಹಾಕಿಕೊಂಡು. ಮೂವತ್ತು ವರ್ಷಕ್ಕೂ ಮೇಲಾಗಿತ್ತು ಅವನು ಆ ಮೆಟ್ಟಿಲು ಹತ್ತಿ. ಅಲ್ಲಿದ್ದ ಸಬ್ ಇನ್ಸ್‌ಪೆಕ್ಟರು ಎಳೆಯ ವಯಸ್ಸಿನವರು. ಆ ಕಾಲದಲ್ಲಿ ಹುಟ್ಟಿದ್ದರೋ ಇಲ್ಲವೋ. ಕಾಗದ ಓದಿ, “ಯಜಮಾನರೇ, ಇದಕ್ಕೆ ನಮ್ಮ ಅನುಮತಿ ಬೇಡವಲ್ಲ” ಎಂದರು. ತಮ್ಮ, “ಗೊತ್ತು ಬುದ್ಧಿ. ಮೊಹರು ಹಾಕೊಡಿ” ಎಂದ. ಆ ಹುಡುಗ ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಏನು ತಿಳಿಯಿತೋ, ಎದ್ದು ನಿಂತು, ಮೊಹರು ಒತ್ತಿ, ತಾರೀಖು ಬರೆದು, ಸಹಿ ಮಾಡಿ, ಎರಡು ಕೈಯಲ್ಲೂ ಹಿಡಿದು ಕೊಟ್ಟರು. ಕುರ್ಚಿ ತರಿಸಿ ಟೀ ಕುಡಿಸಿದರು. ಆ ಕಾಗದ ಈಗ ತಮ್ಮನ ಟ್ರಂಕಿನಲ್ಲಿ ಹೊಲದ ಪತ್ರಗಳ ಕೆಳಗಿದೆ.

ಅದೇ ಸಂಜೆ ಅವನು ಹುಳುಮನೆಯ ಪಕ್ಕದ ಖಾಲಿ ಕೊಟ್ಟಿಗೆಯಲ್ಲಿ ನಿಂತು, “ಹತ್ತು ಮೀಟರು ಅಂದ್ರ ಎಷ್ಟು ಮಾರಾದ್ದು?” ಎಂದು ಕೇಳಿದ. ಐದೂವರೆ ಎಂದೆ. ಕೈ ಚಾಚಿ ಹಗ್ಗದಲ್ಲಿ ಅಳೆದು, ಗೋಡೆಗೆ ಹಳೆಯ ಚಂದ್ರಂಕಿಯನ್ನು ಒರಗಿಸಿ, ಹಿಂದೆ ಮರಳು ತುಂಬಿದ ಮೂಟೆ ಇಟ್ಟ. ಪಕ್ಕದ ಮನೆಯ ಹುಡುಗನೊಬ್ಬ ಬಂದು ಕೊಕ್ಕರೆ ಹೊಡೆದು ತೋರಿಸು ಎಂದದ್ದಕ್ಕೆ, ಜೀವದ ಕಡೆ ಅದರ ಬಾಯಿ ತಿರುಗಿದ ದಿನ ಅದು ಬಾವಿಗೆ ಹೋಗುತ್ತದೆ ಎಂದು ಅಪ್ಪ ಮಗಳು ಇಬ್ಬರೂ ಒಟ್ಟಿಗೆ ಗದರಿದರು.

ಹುಡುಗಿ ರಜೆಯ ದಿನಗಳಲ್ಲಿ ಅಲ್ಲಿ, ಮಿಕ್ಕ ದಿನ ನಮ್ಮ ಮನೆಯ ಉದ್ದದ ಪಡಸಾಲೆಯಲ್ಲಿ, ದಿನಕ್ಕೆ ನಲವತ್ತು ಗುಂಡು ಹೊಡೆಯುತ್ತಾಳೆ. ಮೊದಲ ಸ್ಪರ್ಧೆಯಲ್ಲಿ ನಡುವಿನ ಸಾಲಿನಲ್ಲೆಲ್ಲೋ ನಿಂತಳು. ಮಾವಳಂಕರ್ ಸ್ಪರ್ಧೆ ಇನ್ನೂ ದೂರದ ಮಾತು. ತಮ್ಮ ಅವಳು ಹೊಡೆದ ಕಾಗದಗಳನ್ನು ಬೆಳಕಿಗೆ ಹಿಡಿದು ತೂತು ನೋಡುತ್ತಾನೆ. ಹೊಗಳುವುದಿಲ್ಲ. ಎಡಕ್ಕೆ ಬಿದ್ದದ್ದನ್ನು ಬೆರಳಿನಿಂದ ತೋರಿಸುತ್ತಾನೆ, ಅವಳು ತಲೆಯಾಡಿಸುತ್ತಾಳೆ.

ಅವಳಿಗೆ ಇಪ್ಪತ್ತೊಂದು ತುಂಬಿದಾಗ .೨೨ರ ಪ್ರಶ್ನೆ ಮತ್ತೆ ಏಳುತ್ತದೆ. ಆಗ ಅರ್ಜಿ, ಪೊಲೀಸರ ವರದಿ, ಪರವಾನಗಿ, ಎಲ್ಲವೂ ಬೇಕು. ಗಾಳಿಯ ವಿನಾಯಿತಿ ಆಗ ನಡೆಯುವುದಿಲ್ಲ. ಮೊನ್ನೆ ಈ ಮಾತನ್ನು ಮೆಲ್ಲಗೆ ತೆಗೆದೆ. ತಮ್ಮ ಬೇಡ ಎನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ಹುಳುವಿಗೆ ಸೊಪ್ಪು ಹರಡುತ್ತ, “ಆ ನಮೂನೆಲಿ ಅಪ್ಪನ ಹೆಸರು ಬರೀಬೇಕಾ ಅಣ್ಣ?” ಎಂದು ಕೇಳಿದ. ಬರೆಯಬೇಕು ಎಂದೆ.

“ಹಂಗಾರ ನಾನೇ ಬತ್ತೀನಿ” ಎಂದ.